ಹದಿನಾರರ ರೋಗಿ, ತಾಯಿಯ ಸಹಿ, ನರ್ಸಿನ ಹೊಣೆ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಶಾಲೆ ಕನ್ನಡ ಮಾಧ್ಯಮದಲ್ಲಿ, ನರ್ಸಿಂಗ್ ಮಂಗಳೂರಿನಲ್ಲಿ ಓದಿದವಳು. ಕಳೆದ ತಿಂಗಳು ಹದಿನಾರು ವರ್ಷದ ಹುಡುಗಿಯೊಬ್ಬಳು ಹೊಟ್ಟೆನೋವೆಂದು ತಾಯಿಯ ಜೊತೆ ಬಂದಿದ್ದಳು. ಮೂತ್ರ ಪರೀಕ್ಷೆಗೆ ಕರೆದುಕೊಂಡು ಹೋದಾಗ ಕೈ ಹಿಡಿದು, ‘ಸಿಸ್ಟರ್, ಅಮ್ಮನಿಗೆ ಹೇಳಬೇಡಿ’ ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಗರ್ಭಿಣಿ ಎಂದು ಪರೀಕ್ಷೆಯಲ್ಲಿ ತಿಳಿಯಿತು. ‘ನಮಗೇಕೆ ಉಸಾಬರಿ, ಮಂಗಳೂರಿಗೆ ಕಳುಹಿಸಿ’ ಎಂದರು ಮೇಲಿನವರು, ಹಾಗೆಯೇ ಕಳುಹಿಸಿದರು. ಅದೇ ವಾರ ಹದಿನೈದರ ಹುಡುಗನೊಬ್ಬ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಬೇಡವೆಂದು ಹಟ ಹಿಡಿದ. ತಂದೆ ಗಲ್ಫ್‌ನಲ್ಲಿ, ತಾಯಿಗೆ ಮಲಯಾಳ ಓದಲು ಬಾರದು. ಫಾರ್ಮಿಗೆ ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಮಕ್ಕಳ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ? ಯಾರ ಮಾತು ನಡೆಯಬೇಕು? ಪೊಲೀಸರಿಗೆ ತಿಳಿಸಿದರೆ ನನ್ನ ಕೆಲಸಕ್ಕೆ ಸಂಚಕಾರ ಬರುವುದಿಲ್ಲವೇ?

ಉತ್ತರ: ಮೊದಲು ಆ ಹುಡುಗಿಯ ವಿಷಯ. ಒಂದು ತಿಂಗಳು ಕಳೆದಿದ್ದರೂ ಅದು ಮುಗಿದ ಸಂಗತಿಯಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ, ಹುಡುಗಿಯಾಗಲಿ ಹುಡುಗನಾಗಲಿ, ಮಕ್ಕಳು. ಅವಳು ಮನಸ್ಸು ಮಾಡಿ ಹೋದಳೇ, ಬಲವಂತವಾಯಿತೇ, ಹುಡುಗ ಅವಳದೇ ವಯಸ್ಸಿನವನೇ ಎಂಬ ಯಾವ ಪ್ರಶ್ನೆಯೂ ನರ್ಸಿನ ಮುಂದೆ ತೀರ್ಮಾನಕ್ಕೆ ಬರುವುದಿಲ್ಲ. ಆ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಇವೆ. ‘ಯಾವುದೇ ವ್ಯಕ್ತಿ’ ಎಂದರೆ ಡಾಕ್ಟರ್ ಮಾತ್ರವಲ್ಲ, ನೀವೂ ಸೇರಿದಿರಿ. ಮೇಲಿನವರು ಬೇಡವೆಂದರು ಎಂಬುದು ನಿಮ್ಮನ್ನು ಕಾಯುವುದಿಲ್ಲ.

ಮಂಗಳೂರಿಗೆ ಕಳುಹಿಸಿದ ಮಾತ್ರಕ್ಕೆ ಹೊಣೆ ರಾಜ್ಯದ ಗಡಿಯ ತಲಪಾಡಿ ಗೇಟು ದಾಟಿ ಹೋಗುವುದಿಲ್ಲ. ನಮ್ಮ ಕಡೆ ಇದೊಂದು ರೂಢಿಯೇ ಆಗಿದೆ: ತಲೆನೋವಿನ ಕೇಸು ಎನಿಸಿದರೆ ಒಂದು ರೆಫರೆನ್ಸ್ ಚೀಟಿ ಬರೆದು ಗಡಿಯಾಚೆ ಸಾಗಿಸುವುದು. ಅಲ್ಲಿ ಇನ್ನೊಂದು ಆಸ್ಪತ್ರೆಯವರು ‘ಘಟನೆ ಕೇರಳದ್ದು, ಅಲ್ಲಿಯವರು ನೋಡಿಕೊಳ್ಳಲಿ’ ಎನ್ನುತ್ತಾರೆ. ನಡುವೆ ಮಗು ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯವರೂ ಮಾಹಿತಿ ಪಡೆದು ದಾಖಲಿಸಬೇಕು, ಅನಂತರ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಹಾಗಾಗಿ ಮಂಜೇಶ್ವರದ ಹುಡುಗಿ ಮಂಗಳೂರಿನ ವಾರ್ಡಿನಲ್ಲಿದ್ದರೆ ಅಲ್ಲಿಯ ಠಾಣೆಗೆ ಹೇಳಿದರೂ ಸರಿ, ಇಲ್ಲಿಯ ಠಾಣೆಗೆ ಹೇಳಿದರೂ ಸರಿ. ಯಾರೂ ಹೇಳದಿರುವುದೊಂದೇ ತಪ್ಪು. ಮಹಾರಾಷ್ಟ್ರದ ಹಾಸ್ಟೆಲೊಂದರ ಹೆಣ್ಣುಮಕ್ಕಳ ಪ್ರಕರಣದಲ್ಲಿ, ವಿಷಯ ತಿಳಿದೂ ಸುಮ್ಮನಿದ್ದ ವೈದ್ಯರ ಮೇಲಿನ ಎಫ್‌ಐಆರ್ ಅನ್ನು ಹೈಕೋರ್ಟ್ ರದ್ದು ಮಾಡಿತ್ತು; 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧವೆಂದು ಹೇಳಿತು.

ಆದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ. ಅಂದು ಡ್ಯೂಟಿಯಲ್ಲಿದ್ದ ಡಾಕ್ಟರಿಗೂ ನರ್ಸಿಂಗ್ ಸೂಪರಿಂಟೆಂಡೆಂಟರಿಗೂ ಬರಹದಲ್ಲಿ ಕೊಡಿ: ಇಂಥ ದಿನ, ಇಂಥ ರೋಗಿಯಲ್ಲಿ ಹೀಗೆ ತಿಳಿದುಬಂತು, ಪೊಲೀಸ್ ಇಂಟಿಮೇಶನ್ ಹೋಗಿದೆಯೇ? ಹೋಗಿದ್ದರೆ ಒಳ್ಳೆಯದು. ಹೋಗಿಲ್ಲವಾದರೆ, ಅವರು ಕಳುಹಿಸಲು ಒಪ್ಪುವುದೂ ಇಲ್ಲವಾದರೆ, ನೀವೇ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯಬಹುದು, ಆದರೆ ಸೆಕ್ಷನ್‌ನಲ್ಲಿ ಬರೆದಿರುವುದು ಪೊಲೀಸರೆಂದು; ಅಲ್ಲಿಗೆ ಮುಟ್ಟಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಈಗ ನೀವು ಕೊಟ್ಟ ಮಾತಿಗೆ ಬರುತ್ತೇನೆ. ಆ ಗಳಿಗೆಯಲ್ಲಿ ನಿಮ್ಮ ಬಾಯಿಂದ ‘ಹೇಳುವುದಿಲ್ಲ’ ಎಂದು ಬಂದದ್ದು ಕರುಣೆಯಿಂದಲೇ. ಆದರೆ ಹದಿಹರೆಯದ ರೋಗಿಯ ಬಳಿ ಅಂಥ ಬೇಷರತ್ ಮಾತು ಕೊಡಲೇಬಾರದು. ಉಳಿಸಿಕೊಳ್ಳಲಾಗದ ಮಾತು ಕೊಟ್ಟವರ ಸಾಲಿಗೆ ನಾಳೆ ನಾವೂ ಸೇರುತ್ತೇವೆ, ಅವಳಿಗೆ ದೊಡ್ಡವರ ಮೇಲಿದ್ದ ಕೊನೆಯ ನಂಬಿಕೆಯೂ ಹೋಗುತ್ತದೆ. ಗುಟ್ಟಿನ ಮಿತಿಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಮಾತು ಹೀಗಿದೆ: ‘ನೀನು ಹೇಳಿದ್ದನ್ನು ನಾನು ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯವಿದ್ದರೆ, ಅಥವಾ ಯಾರಾದರೂ ನಿನ್ನ ಮೈಗೆ ಕೈ ಹಾಕಿದ್ದರೆ, ಅದನ್ನು ನನ್ನೊಬ್ಬಳಲ್ಲೇ ಇಟ್ಟುಕೊಳ್ಳಲು ಸಾಧ್ಯವಿಲ್ಲ. ಯಾರಿಗೆ ಹೇಳಬೇಕಾಗುತ್ತದೆ ಎಂಬುದನ್ನು ಮೊದಲು ನಿನಗೇ ತಿಳಿಸುತ್ತೇನೆ.’ ಹೀಗೆಂದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಹಲವರು ಹೆದರುತ್ತಾರೆ. ಕೆಲವರು ಆಗ ಸುಮ್ಮನಾಗುತ್ತಾರೆ, ನಿಜ; ಆದರೆ ಬಹಳ ಮಂದಿ ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳುತ್ತಾರೆ. ಅವರಿಗೂ ಹೇಳಿಕೊಳ್ಳಲು ಯಾರಾದರೂ ಬೇಕೇ ಬೇಕಾಗಿರುತ್ತದೆ.

ಮಗುವಿನ ಜೊತೆ ಏಕಾಂತದಲ್ಲಿ ಮಾತಾಡುವುದಕ್ಕೆ ನೆಪ ಹುಡುಕಬೇಡಿ. ತೂಕ ನೋಡಲು, ಮೂತ್ರ ಹಿಡಿಯಲು ಎಂದು ಕರೆದುಕೊಂಡು ಹೋಗಿ ಗುಟ್ಟಾಗಿ ವಿಚಾರಿಸಿದರೆ, ತಾಯಿಗೆ ಅದು ಗೊತ್ತಾದ ದಿನ ನಿಮ್ಮನ್ನು ಕಳ್ಳಿಯಂತೆ ನೋಡುತ್ತಾಳೆ. ‘ಹತ್ತು ವರ್ಷ ದಾಟಿದ ಎಲ್ಲ ಮಕ್ಕಳ ಜೊತೆಗೂ ನಾವು ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತಾಡುತ್ತೇವೆ ಅಮ್ಮಾ, ಇದು ಇಲ್ಲಿಯ ಪದ್ಧತಿ’ ಎಂದು ಬಾಗಿಲಲ್ಲೇ ಹೇಳಿಬಿಡಿ. ಎಲ್ಲರಿಗೂ ಒಂದೇ ಪದ್ಧತಿಯಾದರೆ ಯಾರ ಮೇಲೂ ಅನುಮಾನ ಹಾಕಿದಂತಾಗುವುದಿಲ್ಲ. ಶಾಲೆ, ಮನೆ, ಊಟ, ನಿದ್ದೆ ಎಂದು ಹಗುರವಾದ ಪ್ರಶ್ನೆಗಳಿಂದ ಆರಂಭಿಸಿ, ಗೆಳೆಯರು, ಕುಡಿತ, ಮನಸ್ಸಿನ ಬೇಗೆ, ದೈಹಿಕ ಸಂಬಂಧದ ಕಡೆಗೆ ನಿಧಾನವಾಗಿ ಬನ್ನಿ. ಕೇಂದ್ರ ಸರಕಾರ 2014ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿ ಪ್ರತ್ಯೇಕ ಕ್ಲಿನಿಕ್‌ಗಳನ್ನು ತೆರೆದದ್ದೂ ಇದೇ ಉದ್ದೇಶಕ್ಕೆ.

ಇನ್ನು ಕೌಂಟರಿನ ಮಾತು. ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ‘ಮುಟ್ಟು ಯಾವಾಗ ಆಯಿತು?’ ಎಂದು ಹುಡುಗಿಯನ್ನು ಗಟ್ಟಿಯಾಗಿ ಕೇಳುವುದು ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ನಿತ್ಯದ ನೋಟ. ಅವಳು ತಾಯಿಯ ಮುಖ ನೋಡುತ್ತಾಳೆ, ತಾಯಿ ಒಂದು ತಾರೀಖು ಹೇಳುತ್ತಾಳೆ, ನಾವು ಬರೆದುಕೊಳ್ಳುತ್ತೇವೆ. ಆ ತಾರೀಖಿಗೆ ಮೂರು ಕಾಸಿನ ಬೆಲೆಯಿಲ್ಲ. ನಿಮ್ಮ ಹುಡುಗಿಯ ಚೀಟಿಯಲ್ಲೂ ಹಾಗೊಂದು ತಾರೀಖು ಇದ್ದಿರಲೇಬೇಕು.

ಗರ್ಭದ ವಿಷಯದಲ್ಲಿ ಕಾನೂನು ಇನ್ನೂ ಸ್ವಲ್ಪ ಸೂಕ್ಷ್ಮವಾಗಿದೆ, ನೀವು ತಿಳಿದಿರಬೇಕು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವಳ ಗರ್ಭ ತೆಗೆಯಲು ಪೋಷಕರ ಲಿಖಿತ ಒಪ್ಪಿಗೆ ಬೇಕು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದ ನಡುವೆ ಇಬ್ಬರದು ಬೇಕು, ಮತ್ತು ಆ ಅವಧಿಯ ಅವಕಾಶ ಸಿಗುವವರಲ್ಲಿ ಅಪ್ರಾಪ್ತ ವಯಸ್ಸಿನವರೂ ಸೇರಿದ್ದಾರೆ. ಒಂದೊಂದು ದಿನವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಇಲ್ಲಿ ಅಲೆದಾಡಿಸಿದಷ್ಟೂ ಅವಳ ಆಯ್ಕೆಗಳು ಕಡಿಮೆಯಾಗುತ್ತವೆ. ಪೊಲೀಸ್ ಎಂದೊಡನೆ ಕುಟುಂಬಗಳು ಮನೆಮದ್ದಿಗೋ ಕಳ್ಳ ಮಾತ್ರೆಗೋ ಓಡುತ್ತವೆ ಎಂಬುದು ಸುಪ್ರೀಂ ಕೋರ್ಟಿಗೂ ತಿಳಿದಿತ್ತು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಅದು ಒಂದು ದಾರಿ ತೋರಿಸಿತು: ಅಪ್ರಾಪ್ತೆಯೂ ಅವಳ ಪೋಷಕರೂ ಕೋರಿದರೆ, ಗರ್ಭಪಾತ ಮಾಡುವ ವೈದ್ಯರು ಪೋಕ್ಸೊ ಅಡಿಯಲ್ಲಿ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಮಾಹಿತಿ ಹೋಗಬೇಕು, ಹೆಸರು ಹೋಗಲೇಬೇಕೆಂದಿಲ್ಲ. ಈ ಒಂದು ಸಂಗತಿ ಗೊತ್ತಿದ್ದ ನರ್ಸು ಆ ತಾಯಿಯ ಪಕ್ಕದಲ್ಲಿ ಕುಳಿತು ಹೇಳಿದ್ದರೆ, ಆಕೆ ಅರ್ಧ ಭಯ ಕಳೆದುಕೊಳ್ಳುತ್ತಿದ್ದಳು.

ತಾಯಿಗೆ ಹೇಳಬೇಕೇ ಎಂಬುದಕ್ಕೆ ನನ್ನ ಉತ್ತರ ಹೀಗೆ. ಗರ್ಭಪಾತವಾಗಲಿ, ಗರ್ಭ ಮುಂದುವರಿಸುವುದಾಗಲಿ, ಪೋಷಕರಿಲ್ಲದೆ ನಡೆಯದು, ಹಾಗಾಗಿ ತಿಳಿಯಲೇಬೇಕು. ಆದರೆ ಯಾರು ಹೇಳುವುದು, ಯಾವಾಗ, ಕೋಣೆಯಲ್ಲಿ ಯಾರಿರಬೇಕು, ತಾನೇ ಹೇಳುತ್ತಾಳೆಯೇ ಎಂಬುದನ್ನು ಹುಡುಗಿಗೆ ಬಿಡಿ. ಅಷ್ಟನ್ನಾದರೂ ಅವಳ ಕೈಯಲ್ಲಿ ಇಡಬೇಕು. ಒಂದೇ ಒಂದು ಸಂದರ್ಭದಲ್ಲಿ ಈ ಕ್ರಮ ಬದಲಾಗುತ್ತದೆ: ಕೃತ್ಯ ಎಸಗಿದವನು ಮನೆಯೊಳಗಿನವನೇ ಆಗಿದ್ದರೆ. ಆಗ ಮನೆಯ ಯಾರಿಗೂ ಬಾಯಿಬಿಡುವ ಮೊದಲು ವೈದ್ಯರು, ಪೊಲೀಸರು, ಮಕ್ಕಳ ಕಲ್ಯಾಣ ಸಮಿತಿ ಎಚ್ಚರಗೊಳ್ಳಬೇಕು. ‘ಅಮ್ಮನಿಗೆ ಹೇಳಬೇಡಿ’ ಎನ್ನುವ ಹುಡುಗಿಗೆ ‘ಏಕೆ?’ ಎಂದು ಕೇಳುವುದನ್ನು ನಾವು ಮರೆಯುತ್ತೇವೆ. ಬೈಗುಳದ ಭಯವೋ, ಅದಕ್ಕಿಂತ ದೊಡ್ಡದೋ ಎಂಬುದು ಆ ಉತ್ತರದಲ್ಲಿದೆ.

ಅವಳ ದೇಹಪರೀಕ್ಷೆಗೂ ಅವಳ ಒಪ್ಪಿಗೆ ಬೇಕು. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಪರೀಕ್ಷೆಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹನ್ನೆರಡು ದಾಟಿದವರು ತಾವೇ ಸಹಿ ಮಾಡಬೇಕು. ಅದಕ್ಕಿಂತ ಚಿಕ್ಕವರಿಗೆ ಪೋಷಕರ ಸಹಿ. ಪೋಕ್ಸೊದ 27ನೆಯ ಸೆಕ್ಷನ್ ಹುಡುಗಿಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕೆನ್ನುತ್ತದೆ. ತಂದೆತಾಯಿ ಅಥವಾ ಮಗು ನಂಬುವ ಬೇರೆ ಯಾರಾದರೂ ಜೊತೆಗಿರಬೇಕು. ಅಂಥವರು ಸಿಗದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ನೇಮಿಸುವ ಮಹಿಳೆ ಇರಬೇಕು; ಆ ಮಹಿಳೆ ಹೆಚ್ಚಿನ ಸಲ ನರ್ಸೇ ಆಗಿರುತ್ತಾಳೆ. ಎಫ್‌ಐಆರ್ ಆಗಲಿ ಎಂದು ಕಾಯುವಂತಿಲ್ಲ. ಹುಡುಗಿ ಪರೀಕ್ಷೆ ಬೇಡವೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಖಾಸಗಿ ಆಸ್ಪತ್ರೆಯಾದರೂ ಅದು ಉಚಿತವಾಗಿ ನಡೆಯಬೇಕು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುವ ಮುನ್ನ ಒಂದು ಗೊಂದಲ ನಿವಾರಿಸಬೇಕು. ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಓದುವ ಪುಸ್ತಕಗಳು, ಬ್ರಿಟನ್ ಐರ್ಲೆಂಡ್‌ಗಳ ಪರೀಕ್ಷೆಗೆ ಮಾಡುವ ತಯಾರಿ, ಎರಡರಲ್ಲೂ ‘ಗಿಲ್ಲಿಕ್’ ಎಂಬ ಹೆಸರು ಬರುತ್ತದೆ. 1985ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪು ಅದು: ಹದಿನಾರು ತುಂಬದ ಮಗುವಿಗೂ ವಿಷಯವನ್ನು ಪೂರ್ತಿ ಗ್ರಹಿಸುವ ಬುದ್ಧಿ ಬಲಿತಿದ್ದರೆ ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಹದಿನಾರು, ಹದಿನೇಳರವರಿಗೆ ಅಲ್ಲಿ 1969ರ ಕಾಯಿದೆಯೇ ಆ ಹಕ್ಕು ಕೊಟ್ಟಿದೆ. ಕುಂಬಳೆಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ 1875ರ ಕಾಯಿದೆಯ ಪ್ರಕಾರ ಪ್ರಾಪ್ತ ವಯಸ್ಸು ಹದಿನೆಂಟು. ಹೊಸ ದಂಡ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಸೆಕ್ಷನ್ ಹನ್ನೆರಡರ ಕೆಳಗಿನವರ ಪರವಾಗಿ ಪೋಷಕರು ಒಪ್ಪಿಗೆ ಕೊಡುವ ಮಾತಾಡುತ್ತದೆ; ಆ ವಯಸ್ಸಿನವರು ತಾವೇ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎನ್ನುತ್ತದೆ 28ನೆಯ ಸೆಕ್ಷನ್. ಹನ್ನೆರಡರಿಂದ ಹದಿನೆಂಟರ ನಡುವಿನ ಮಕ್ಕಳಿಗೆ ಸಾಮಾನ್ಯ ಚಿಕಿತ್ಸೆಯ ಒಪ್ಪಿಗೆ ಹೇಗೆ ಎಂದು ಒಂದೇ ಕಡೆ ಸ್ಪಷ್ಟವಾಗಿ ಬರೆದ ಕಾನೂನು ನಮ್ಮಲ್ಲಿಲ್ಲ. ಆದ್ದರಿಂದಲೇ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗೆ ಹದಿನೆಂಟರವರೆಗೂ ಪೋಷಕರ ಸಹಿ ಪಡೆಯುತ್ತವೆ, ಅದು ಸರಿಯಾದ ಎಚ್ಚರಿಕೆಯೇ.

ಆದರೆ ಸಹಿ ಸಿಕ್ಕಿತೆಂದರೆ ಹುಡುಗನನ್ನು ನಾಲ್ಕು ಜನ ಹಿಡಿದು ಸ್ಟ್ರೆಚರಿಗೆ ಹಾಕಬಹುದು ಎಂದಲ್ಲ. ಕಾನೂನಿನ ಒಪ್ಪಿಗೆ ತಾಯಿಯದು, ಮೈ ಹುಡುಗನದು. ಅವನ ಸಮ್ಮತಿ ಪಡೆಯಲು ಪ್ರಾಮಾಣಿಕವಾಗಿ ಯತ್ನಿಸುವುದು ನಮ್ಮ ವೃತ್ತಿಧರ್ಮ. ಸಂಶೋಧನೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಹನ್ನೆರಡು ದಾಟಿದವರಿಂದ ಲಿಖಿತ ಸಮ್ಮತಿಯನ್ನೇ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೊಟ್ಟೆ ಕೊಯ್ಯುವಾಗ ಅವನನ್ನು ಒಂದು ಮಾತು ಕೇಳಬಾರದೇ?

ಹದಿನೈದರ ಹುಡುಗ ಬೇಡವೆಂದರೆ ಅದರ ಹಿಂದೆ ಕಾರಣವೊಂದಿರುತ್ತದೆ, ಅದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಲ್ಲ. ಕಬಡ್ಡಿ ಪಂದ್ಯ ಇರಬಹುದು, ಅರಿವಳಿಕೆಯಿಂದ ಏಳುವುದಿಲ್ಲವೆಂಬ ಭಯ ಇರಬಹುದು. ಬಹಳ ಸಲ ಅದು ನಾಚಿಕೆ. ಶಸ್ತ್ರಚಿಕಿತ್ಸೆಗೆ ಮುಂಚೆ ಹೊಕ್ಕುಳ ಕೆಳಗೆ ಕೂದಲು ತೆಗೆಯಬೇಕು. ಮಂಚದ ಸುತ್ತ ಅಮ್ಮ, ಚಿಕ್ಕಮ್ಮ, ಪಕ್ಕದ ಮಂಚದ ರೋಗಿಯ ಜೊತೆಗಿರುವ ಬೈಸ್ಟ್ಯಾಂಡರ್. ಕೈಯಲ್ಲಿ ಟ್ರೇ ಹಿಡಿದು ನಿಂತವಳು ಅಕ್ಕನ ವಯಸ್ಸಿನ ನರ್ಸ್. ಈಗಷ್ಟೇ ಮೀಸೆ ಚಿಗುರಿದ ಹುಡುಗ ಇದಕ್ಕೆ ಹೇಗೆ ತಲೆಯಾಡಿಸುತ್ತಾನೆ? ಪರದೆ ಎಳೆಯಿರಿ, ಹೆಂಗಸರನ್ನು ಹೊರಗೆ ಕಳುಹಿಸಿ, ಬ್ರದರ್, ಅಂದರೆ ಗಂಡು ನರ್ಸ್, ಒಬ್ಬರಿದ್ದರೆ ಕರೆಯಿರಿ. ಎಷ್ಟು ದಿನ ಆಡಬಾರದು, ಎಷ್ಟು ಗಾಯದ ಗುರುತು ಉಳಿಯುತ್ತದೆ ಎಂಬುದನ್ನು ಸರ್ಜನ್ ಅವನಿಗೇ ನೇರವಾಗಿ ಹೇಳಲಿ. ಅರ್ಧ ಗಂಟೆಯ ಕೆಲಸ. ಇಷ್ಟರ ಮೇಲೂ ಬೇಡವೆಂದರೆ, ಕಾಯಬಹುದಾದ ಚಿಕಿತ್ಸೆಯಾದರೆ ಕಾಯಬೇಕು. ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿದ್ದರೆ ಕಾಯಲಾಗದು. ಆಗ ತಾಯಿಯ ಒಪ್ಪಿಗೆಯ ಮೇಲೆ ಮುಂದುವರಿಯುತ್ತಾರೆ. ‘ನಿನ್ನ ಮಾತು ಕೇಳಿಸಿಕೊಂಡೆವು, ಆದರೂ ಇದನ್ನು ಮಾಡಲೇಬೇಕಾಗಿದೆ, ಏಕೆಂದರೆ ಹೀಗೆ’ ಎಂದು ಅವನಿಗೆ ಹೇಳಿಯೇ ಮುಂದುವರಿಯಬೇಕು.

ತಂದೆ ಗಲ್ಫ್‌ನಲ್ಲಿದ್ದಾರೆ ಎಂದು ನಮ್ಮಲ್ಲಿ ಎಷ್ಟೋ ಸಲ ಗಂಟೆಗಟ್ಟಲೆ ಫೋನಿಗೆ ಕಾಯುತ್ತಾರೆ. ಹಾಗೆ ಕಾಯಬೇಕೆಂದೇನೂ ಇಲ್ಲ. ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯಿದೆಯಲ್ಲಿ ತಂದೆಯ ‘ಅನಂತರ’ ತಾಯಿ ಎಂದಿರುವುದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಅವನು ಮಗುವಿನ ಹೊಣೆ ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿರುವಾಗಲೂ ತಾಯಿಯೇ ಪೋಷಕಿ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಧರ್ಮದವರಾದರೂ, ಮಗುವನ್ನು ನೋಡಿಕೊಳ್ಳುತ್ತಿರುವ ತಾಯಿ ಎದುರಿಗೇ ನಿಂತಿರುವಾಗ ಚಿಕಿತ್ಸೆಗೆ ಆಕೆಯ ಸಹಿ ಪಡೆಯುವುದೇ ಆಸ್ಪತ್ರೆಗಳ ನಡೆ. ತುಳುನಾಡಿನ ಮನೆಗಳಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಅವರ ಜೊತೆ ಸಮಾಲೋಚಿಸಲಿ, ಆದರೆ ತಾಯಿ ಇರುವಾಗ ಸಹಿಯ ಜಾಗ ಅವರದಲ್ಲ. ಅಜ್ಜಿಯೊಬ್ಬಳೇ ಕರೆತಂದಿದ್ದರೆ, ಜೀವಕ್ಕೆ ಅಪಾಯವಿದ್ದರೆ, ಪೋಷಕರ ಒಪ್ಪಿಗೆ ಪಡೆಯುವಷ್ಟು ಸಮಯವಿಲ್ಲದಿದ್ದರೆ, ನ್ಯಾಯ ಸಂಹಿತೆಯ 30ನೆಯ ಸೆಕ್ಷನ್ ಸದುದ್ದೇಶದಿಂದ ಮಾಡಿದ ಚಿಕಿತ್ಸೆಗೆ ರಕ್ಷಣೆ ಕೊಡುತ್ತದೆ.

ಫಾರ್ಮಿನ ಭಾಷೆಯ ವಿಷಯ ನನ್ನನ್ನು ಬಹಳ ಕಾಲದಿಂದ ನೋಯಿಸುತ್ತಿರುವ ಸಂಗತಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯಿಂದ ಬರುವ ಎಷ್ಟೋ ತಾಯಂದಿರು ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ ಆಡುತ್ತಾರೆ, ಓದುವುದು ಕನ್ನಡದಲ್ಲಿ. ಅವರ ಮುಂದೆ ಮಲಯಾಳ ಇಲ್ಲವೇ ಇಂಗ್ಲಿಷ್ ಫಾರ್ಮ್ ಹಿಡಿದು ‘ಇಲ್ಲಿ ಹಾಕಿ’ ಎನ್ನುತ್ತೇವೆ. ಅದು ಬರಿಯ ಮಸಿ. ರೋಗಿಗೆ ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಪರ್ಯಾಯ ಸಾಕಷ್ಟು ತಿಳಿದಿದ್ದರೆ ಮಾತ್ರ ಒಪ್ಪಿಗೆ ನಿಜವಾದ ಒಪ್ಪಿಗೆ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿವರಿಸುವ ಹೊಣೆ ವೈದ್ಯರದು. ಅದನ್ನು ನಿಮ್ಮ ಮೇಲೆ ಹೊರಿಸಿದರೆ ‘ಡಾಕ್ಟರ್, ನೀವು ಹೇಳಿ, ನಾನು ಕನ್ನಡದಲ್ಲಿ ತಿಳಿಸುತ್ತೇನೆ’ ಎನ್ನಿ. ಹುಡುಗನ ತಂಗಿಯನ್ನೋ ವಾಚ್‌ಮನ್ನನ್ನೋ ದುಭಾಷಿಯಾಗಿ ನಿಲ್ಲಿಸಬೇಡಿ. ಹೇಳಿ ಮುಗಿದ ಮೇಲೆ ‘ಅರ್ಥವಾಯಿತೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ನಾಳೆ ಮಗನಿಗೆ ಏನು ಮಾಡುತ್ತಾರೆ, ನಿಮ್ಮ ಮಾತಿನಲ್ಲಿ ಹೇಳಿ ಅಮ್ಮಾ’ ಎಂದು ಕೇಳಿ. ತಾಯಿ ಹೇಳಿದ್ದರಲ್ಲಿ ಏನು ಬಿಟ್ಟುಹೋಗಿದೆಯೋ ಅದನ್ನು ಮತ್ತೆ ಹೇಳಿಸಿ. ಫಾರ್ಮಿನ ಕೆಳಗೆ ‘ಕನ್ನಡದಲ್ಲಿ, ತುಳುವಿನಲ್ಲಿ ವಿವರಿಸಲಾಗಿದೆ, ವಿವರಿಸಿದವರು ಇಂಥವರು, ಸಮಯ ಇಷ್ಟು’ ಎಂದು ಬರೆದು ನಿಮ್ಮ ಸಹಿ ಹಾಕಿ. ಜೊತೆಗೆ ಕನ್ನಡ ಫಾರ್ಮ್ ಬೇಕೆಂದು ಆಡಳಿತಕ್ಕೆ ಲಿಖಿತವಾಗಿ ಕೇಳಿ. ಕಾಸರಗೋಡಿನ ಆಸ್ಪತ್ರೆ ಕನ್ನಡದಲ್ಲೊಂದು ಪುಟ ಅಚ್ಚು ಹಾಕಿಸುವುದು ಯಾರಿಗೂ ಹೊರೆಯಲ್ಲ.

ನೀವು ಕೇಳದಿದ್ದರೂ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ನಿಮ್ಮ ವಾರ್ಡಿಗೆ ಇಂದಲ್ಲ ನಾಳೆ ಅವು ಬರುತ್ತವೆ. ವಿಷ ಕುಡಿದು ಬರುವ ಮಕ್ಕಳು ಮೊದಲನೆಯದು. ಹೊಟ್ಟೆ ತೊಳೆಯುತ್ತಲೇ ‘ಇಷ್ಟು ಸಣ್ಣ ವಿಷಯಕ್ಕೆ ಸಾಯಲು ಹೊರಟೆಯಾ’ ಎಂದು ಗದರುವುದನ್ನು ಎಲ್ಲರೂ ಕೇಳಿದ್ದೇವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಸೆಕ್ಷನ್ ಅಂಥ ವ್ಯಕ್ತಿ ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆನ್ನುತ್ತದೆ, ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ ಹೊಸ ಸಂಹಿತೆಯಲ್ಲಿ ಇಲ್ಲ. ಮತ್ತೆ ಸಾಯಬೇಕೆನಿಸುತ್ತಿದೆ ಎಂದು ಮಗು ಹೇಳಿದರೆ ಅದನ್ನು ಗುಟ್ಟಾಗಿ ಇಡುವಂತಿಲ್ಲ, ಪೋಷಕರಿಗೂ ವೈದ್ಯರಿಗೂ ತಿಳಿಸಬೇಕು. ಪ್ರೇಮಪತ್ರ ಸಿಕ್ಕಿತು, ಪರೀಕ್ಷೆಯಲ್ಲಿ ಫೇಲಾದ ಎಂಬ ವಿವರಗಳನ್ನು ಪಕ್ಕದ ಮಂಚದವರ ಕಿವಿಗೆ ಹಾಕಬೇಕಾಗಿಲ್ಲ.

ಎರಡನೆಯದು ಎಣ್ಮಕಜೆ, ಸ್ವರ್ಗ, ಬೆಳ್ಳೂರು ಕಡೆಯ ಮಕ್ಕಳು. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಿವು. ಬುದ್ಧಿ ಬೆಳವಣಿಗೆಯಾಗದ ಹುಡುಗಿ ದೊಡ್ಡವಳಾದಾಗ ತಾಯಿ ಬಂದು ‘ಗರ್ಭಕೋಶವನ್ನೇ ತೆಗೆದುಬಿಡಿ ಸಿಸ್ಟರ್, ನನ್ನಿಂದ ಆಗುವುದಿಲ್ಲ’ ಎನ್ನುತ್ತಾಳೆ. ಆ ತಾಯಿಯನ್ನು ಕಟುಕಿಯೆಂದು ನೋಡಬೇಡಿ. ಹದಿನೈದು ವರ್ಷ ಒಬ್ಬಳೇ ಎತ್ತಿ ಇಳಿಸಿ ಸೊಂಟ ಹೋಗಿರುತ್ತದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 10ನೆಯ ಸೆಕ್ಷನ್ ಖಚಿತವಾಗಿದೆ: ಸಂತಾನಶಕ್ತಿ ಕಳೆಯುವ ಯಾವ ವೈದ್ಯಕೀಯ ಕ್ರಮವನ್ನೂ ಆ ವ್ಯಕ್ತಿಯ ಮುಕ್ತ, ತಿಳಿವಿನ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ನಮ್ಮಿಂದ ಆಗುವುದು ಬೇರೆ: ಪ್ಯಾಡ್ ಬದಲಿಸುವುದನ್ನು ಹುಡುಗಿಗೆ ಹಂತಹಂತವಾಗಿ ಕಲಿಸುವುದು, ರಕ್ತಸ್ರಾವ ಹೆಚ್ಚಿದ್ದರೆ ಔಷಧದ ದಾರಿಗಾಗಿ ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ಯುವುದು, ಬುದ್ಧಿ ಬೆಳವಣಿಗೆಯಾಗದ ಮಕ್ಕಳಿಗಾಗಿ ಇರುವ ಪಂಚಾಯತಿನ ಬಡ್ಸ್ ಶಾಲೆಗೆ ಸೇರಿಸುವುದು, ಆರೈಕೆ ಮಾಡುವವರಿಗಿರುವ ಆಶ್ವಾಸಕಿರಣಂ ಸಹಾಯಧನದ ಅರ್ಜಿ ತುಂಬಿಸಿಕೊಡುವುದು. ಈ ಮಕ್ಕಳ ಫೋಟೋಗಳು ಜಗತ್ತಿನೆಲ್ಲೆಡೆ ಅಚ್ಚಾಗಿವೆ. ಮೈಮೇಲೆ ಬಟ್ಟೆ ಸರಿಯಾಗಿದೆಯೇ ಎಂದು ನೋಡುವ ತಾಳ್ಮೆ ಎಷ್ಟೋ ಕ್ಯಾಮೆರಾಗಳಿಗೆ ಇರಲಿಲ್ಲ. ವಾರ್ಡಿನಲ್ಲಿ ಯಾವ ಮಗುವಿನ ಫೋಟೋವನ್ನೂ ನಿಮ್ಮ ಮೊಬೈಲಿನಲ್ಲಿ ತೆಗೆಯಬೇಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೂಬೇಡಿ.

ಕೊನೆಗೆ ನಿಮ್ಮ ಕೆಲಸದ ಪ್ರಶ್ನೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಗಾರಿಕೆಯೂ ಬರುವುದಿಲ್ಲ ಎಂದು ಪೋಕ್ಸೊದ 19ನೆಯ ಸೆಕ್ಷನ್ನಿನ ಏಳನೆಯ ಉಪವಿಧಿಯೇ ಹೇಳುತ್ತದೆ. ಆಡಳಿತದವರು ಮುಖ ಗಂಟಿಕ್ಕಿಕೊಳ್ಳಬಹುದು, ಡ್ಯೂಟಿ ಬದಲಿಸಿ ಕಾಡಬಹುದು, ಇದನ್ನು ಅಲ್ಲಗಳೆಯಲಾರೆ. ಅದಕ್ಕೇ ಒಬ್ಬಂಟಿಯಾಗಿ ಹೋಗಬೇಡಿ, ನಿಮ್ಮ ನರ್ಸುಗಳ ಸಂಘಟನೆಯವರಿಗೆ ರೋಗಿಯ ಹೆಸರು ಹೇಳದೆ ವಿಷಯ ತಿಳಿಸಿ. ನರ್ಸಿಂಗ್ ನೋಟ್ಸ್‌ನಲ್ಲಿ ಅಂದು ನೀವು ಏನು ಬರೆದಿದ್ದೀರಿ ನೋಡಿ. ಹುಡುಗಿಯ ಮಾತು ಬರೆದಿಲ್ಲವಾದರೆ ಹಳ್ಳಿ ಗುಸುಗುಸು ಬೆರೆಸದೆ, ಅವಳು ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ, ಇಂದಿನ ತಾರೀಖು ಹಾಕಿ, ‘ತಡವಾಗಿ ಸೇರಿಸಿದ ಟಿಪ್ಪಣಿ’ ಎಂದು ಸ್ಪಷ್ಟವಾಗಿ ನಮೂದಿಸಿ ಬರೆಯಿರಿ. ಹಳೆಯ ತಾರೀಖಿನಲ್ಲಿ ತುರುಕಬೇಡಿ. ಡಾಕ್ಟರಿಗೆ ಕೊಡುವ ಪತ್ರದ ಇನ್ನೊಂದು ಪ್ರತಿಗೆ ಸ್ವೀಕೃತಿಯ ಸಹಿ, ಸಮಯ ಹಾಕಿಸಿಕೊಂಡು ಮನೆಯಲ್ಲಿ ಭದ್ರವಾಗಿಡಿ. ಆ ಪತ್ರದಲ್ಲಿ ಅವಳ ಹೆಸರಿನ ಬದಲು ಐ.ಪಿ. ನಂಬರ್ (ಆಸ್ಪತ್ರೆ ಕೊಟ್ಟ ರೋಗಿ ಸಂಖ್ಯೆ) ಮಾತ್ರ ಇರಲಿ. ಕೇಸ್ ಶೀಟಿನ ಜೆರಾಕ್ಸನ್ನಾಗಲಿ ಫೋಟೋವನ್ನಾಗಲಿ ಮನೆಗೆ ಒಯ್ಯಬೇಡಿ.